ಉಮ್ಮನ ಬೀಡಿ ಪುಸ್ತಕ

“ಮನೆಯಲ್ಲೇ ಕುಳಿತು ಮಾಡುವ ಕೆಲಸವಲ್ಲವೇ, ಅದಕ್ಕೂ ದುಡ್ಡೇ?”

ಈ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸಲ ಕೇಳಿರುವೆನೋ ಲೆಕ್ಕವಿಲ್ಲ. ಕೇಳಿದವರು ಕೆಟ್ಟವರೇನಲ್ಲ. ನೆರೆಮನೆಯವರು, ಬಂಧುಗಳು, ಮಕ್ಕಳ ಶಾಲೆಯವರು. ಹೆಂಗಸು ಮನೆಯೊಳಗೆ ಮಾಡುವ ಯಾವ ಕೆಲಸಕ್ಕೂ ಬೆಲೆ ಕಟ್ಟಿ ಅವರಿಗೆ ಅಭ್ಯಾಸವಿಲ್ಲ, ಅಷ್ಟೇ. ನಿಜ ಹೇಳಬೇಕೆಂದರೆ ಮೊದಮೊದಲು ನನಗೂ ಇರಲಿಲ್ಲ.

ನಾನು ಮದುವೆ ಕಾಗದ, ವಿಸಿಟಿಂಗ್ ಕಾರ್ಡ್, ಅಂಗಡಿಯ ಬೋರ್ಡು, ಕರಪತ್ರ, ಸ್ಮರಣ ಸಂಚಿಕೆ, ಪುಸ್ತಕದ ಮುಖಪುಟ ಇತ್ಯಾದಿಗಳನ್ನು ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿಕೊಡುವವಳು. ಪಂಜ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಬದಿಯಲ್ಲಿರುವ ಮನೆಯ ಒಂದು ಕೋಣೆಯೇ ನನ್ನ ಕಚೇರಿ. ಯಜಮಾನರಿಲ್ಲ, ಸಂಬಳವಿಲ್ಲ, ಪೆನ್ಶನ್ ಇಲ್ಲ. ಕೆಲಸ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥವರನ್ನು ‘ಫ್ರೀಲ್ಯಾನ್ಸ್ ಡಿಸೈನರ್’ ಎನ್ನುತ್ತಾರೆಂದು ನನಗೆ ಗೊತ್ತಾದದ್ದೇ ಕೆಲಸ ಶುರು ಮಾಡಿ ಎಷ್ಟೋ ವರ್ಷಗಳಾದ ಮೇಲೆ.

ಈ ಕೆಲಸದ ಬಹಳಷ್ಟು ಸಂಗತಿಗಳನ್ನು ಕಂಪ್ಯೂಟರ್ ತರಗತಿಯಲ್ಲಿ ಕಲಿತೆ. ಆದರೆ ಅತಿ ಮುಖ್ಯವಾದ ಪಾಠವನ್ನು ಕಲಿತದ್ದು ಅಕ್ಷರ ಬಾರದ ನನ್ನ ಉಮ್ಮನಿಂದ. ಅದೂ ಎರಡು ಸಲ ಚೆನ್ನಾಗಿ ಪೆಟ್ಟು ತಿಂದ ಮೇಲೆ.

ಉಮ್ಮ ಬೀಡಿ ಕಟ್ಟುತ್ತಿದ್ದರು. ನಮ್ಮ ಜಿಲ್ಲೆಯಲ್ಲಿ ಬೀಡಿಯ ಆದಾಯದಿಂದ ಒಲೆ ಉರಿದ ಮನೆಗಳು ಎಷ್ಟಿವೆಯೋ! ಮಧ್ಯಾಹ್ನದ ಅಡುಗೆ ಮುಗಿಸಿ, ನೆನೆಸಿಟ್ಟ ಎಲೆಯನ್ನು ಕತ್ತರಿಸಿ, ಮಡಿಲಲ್ಲಿ ಮೊರವಿಟ್ಟುಕೊಂಡು ಜಗಲಿಯಲ್ಲಿ ಕುಳಿತರೆ ಮಗ್ರಿಬ್ ಬಾಂಗಿನವರೆಗೂ ಅವರ ಬೆರಳು ನಿಲ್ಲುತ್ತಿರಲಿಲ್ಲ. ಆ ಹೊಗೆಸೊಪ್ಪಿನ ಧೂಳಿನಿಂದ ಬಂದ ಕೆಮ್ಮು ಇಂದಿಗೂ ಅವರನ್ನು ಬಿಟ್ಟಿಲ್ಲ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ಯುವಾಗ ಅವರ ಕೈಯಲ್ಲಿ ಯಾವಾಗಲೂ ಒಂದು ಸಣ್ಣ ಪುಸ್ತಕ ಇರುತ್ತಿತ್ತು. ಎಷ್ಟು ಎಲೆ ಕೊಟ್ಟರು, ಎಷ್ಟು ಹೊಗೆಸೊಪ್ಪು ಕೊಟ್ಟರು, ಎಷ್ಟು ಸಾವಿರ ಬೀಡಿ ಬಂತು, ಎಷ್ಟನ್ನು ಬದಿಗೆ ಹಾಕಿದರು, ಎಷ್ಟು ಮಜೂರಿ, ಎಲ್ಲವೂ ಅದರಲ್ಲಿ ಬರೆದಿರಬೇಕು.

ಉಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಅಂಕಿ ಬರುತ್ತಿತ್ತು. ನಾನು ಚಿಕ್ಕವಳಿದ್ದಾಗ ಒಮ್ಮೆ ಬ್ರಾಂಚಿನಲ್ಲಿ ಬರೆಯುವವರು ಸಾವಿರದ ಬದಲು ಒಂಬೈನೂರು ಎಂದು ಬರೆದುಬಿಟ್ಟಿದ್ದರು. ಉಮ್ಮ ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. ಪುಸ್ತಕವನ್ನು ಮೇಜಿನ ಮೇಲಿಟ್ಟು “ಇನ್ನೊಮ್ಮೆ ಎಣಿಸಿ” ಎಂದು ಸೆರಗು ಸರಿಮಾಡಿಕೊಂಡು ನಿಂತರು. ಹಿಂದೆ ಸಾಲು ಬೆಳೆಯಿತು. ಕೊನೆಗೆ ಅವರು ಎಣಿಸಿ, ತಿದ್ದಿ ಬರೆದರು. ದಾರಿಯಲ್ಲಿ ನಾನು “ನೂರು ಬೀಡಿಗೆ ಅಷ್ಟೊಂದು ಹೊತ್ತು ನಿಲ್ಲಬೇಕಿತ್ತಾ?” ಎಂದು ಕೇಳಿದೆ. ನನಗೆ ನಾಚಿಕೆಯಾಗಿತ್ತು. ಉಮ್ಮ ಹೇಳಿದ್ದು ಇಷ್ಟೇ: “ಪುಸ್ತಕದಲ್ಲಿ ಇಲ್ಲದ್ದು ನಾನು ಕಟ್ಟಿದ್ದೇ ಅಲ್ಲ ಅಂತ ಆಗ್ತದೆ ಮಗಳೇ.”

ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿಕೊಂಡ ಕಾನೂನು ನಮ್ಮ ದೇಶದಲ್ಲಿ 1966ರಲ್ಲೇ ಬಂದಿತ್ತು. 1977ರಿಂದ ಬೀಡಿ ಉದ್ಯಮಕ್ಕೆ ಭವಿಷ್ಯನಿಧಿಯೂ ಅನ್ವಯವಾಯಿತು. ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯಿಂದ ಬರುತ್ತಿದ್ದ ವಿದ್ಯಾರ್ಥಿವೇತನದಲ್ಲೇ ನಾನು ಹೈಸ್ಕೂಲು ಓದಿದೆ. ಪಿಯುಸಿ ಮುಗಿದ ಮೇಲೆ 2003ರಲ್ಲಿ ಪುತ್ತೂರಿನಲ್ಲಿ ಡಿಟಿಪಿ ಕಲಿಯಲು ಕಟ್ಟಿದ ಫೀಸು ಉಮ್ಮನ ಪಿಎಫ್ ಹಣ. ಆ ಪುಸ್ತಕದಲ್ಲಿ ಬರೆದದ್ದರಿಂದಲೇ ಸಿಕ್ಕಿದ ಹಣ. ಆದರೆ ಆ ಹಣದಿಂದ ಕಲಿತ ನಾನು ಆ ಪುಸ್ತಕವನ್ನೇ ಮರೆತುಬಿಟ್ಟೆ.

ಆಗಿನ ಡಿಟಿಪಿ ಎಂದರೆ ಪೇಜ್‌ಮೇಕರ್, ಕೋರಲ್‌ಡ್ರಾ, ಫೋಟೋಶಾಪ್. ಕನ್ನಡಕ್ಕೆ ಬರಹ ಮತ್ತು ನುಡಿ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನೇ ನುಡಿಯಲ್ಲಿ ಅಳವಡಿಸಲಾಗಿದೆ ಎಂದು ತಿಳಿದಾಗ ನಮ್ಮೂರ ಬದಿಯವರೇ ಎಂಬ ಹೆಮ್ಮೆಯಾಗಿತ್ತು. ‘ಎಫ್’ ಒತ್ತಿದರೆ ಒತ್ತಕ್ಷರ ಮೂಡುವುದು ನನಗೆ ಜಾದೂವಿನ ಹಾಗೆ ಕಂಡಿತ್ತು. ಕೋರ್ಸ್ ಮುಗಿದ ಮೇಲೆ ಪ್ರತಿದಿನ ಪುತ್ತೂರಿಗೆ ಹೋಗಿ ದುಡಿಯುವುದು ಮನೆಯ ಪರಿಸ್ಥಿತಿಯಲ್ಲಿ ಸಾಧ್ಯವಿರಲಿಲ್ಲ. ಅಣ್ಣ ಹಳೆಯ ಕಂಪ್ಯೂಟರೊಂದನ್ನು ತಂದುಕೊಟ್ಟ. 2004ರಲ್ಲಿ ಮನೆಯಲ್ಲೇ ಕೆಲಸ ಆರಂಭಿಸಿದೆ. ಮುದ್ರಣಕ್ಕೆ ಫೈಲನ್ನು ಸಿಡಿಗೆ ಹಾಕಿ, ಸುಬ್ರಹ್ಮಣ್ಯದಿಂದ ಪಂಜವಾಗಿ ಪುತ್ತೂರಿಗೆ ಹೋಗುವ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳುಹಿಸುತ್ತಿದ್ದೆ. ಪ್ರೆಸ್ಸಿನ ಹುಡುಗ ಬಸ್‌ ನಿಲ್ದಾಣದಲ್ಲಿ ಕಾದು ತೆಗೆದುಕೊಳ್ಳುತ್ತಿದ್ದ.

ಮೊದಲ ಪೆಟ್ಟು ಬಿದ್ದದ್ದು 2007ರ ಮೇ ತಿಂಗಳ ಮದುವೆಯೊಂದರಲ್ಲಿ. ನೆರೆಯ ಮನೆಯ ಹುಡುಗಿಯ ನಿಕಾಹ್. ಹುಡುಗಿ ನನ್ನ ಜೊತೆ ಮದ್ರಸಕ್ಕೆ ಬಂದವಳು. ಪ್ರೀತಿಯಿಂದಲೇ ಕಾಗದ ಮಾಡಿದೆ. ಆರುನೂರು ಪ್ರತಿ ಅಚ್ಚಾಯಿತು. ಮುನ್ನೂರರಷ್ಟು ಹಂಚಿಯೂ ಆಗಿತ್ತು. ಒಂದು ಸಂಜೆ ಹುಡುಗಿಯ ತಂದೆ ಕಾಗದ ಹಿಡಿದುಕೊಂಡು ಬಂದು ಏನೂ ಹೇಳದೆ ಜಗಲಿಯಲ್ಲಿ ಕುಳಿತರು. ಕಾಗದದಲ್ಲಿ ‘14-5-2007ನೇ ಭಾನುವಾರ’ ಎಂದಿತ್ತು. ಮದುವೆ 13ರಂದು. ಆ ವರ್ಷ ಮೇ 14 ಸೋಮವಾರ.

ತಪ್ಪು ನನ್ನದೇ. ಅದಕ್ಕಿಂತ ಸ್ವಲ್ಪ ಮೊದಲು 14ನೇ ತಾರೀಕಿನ ಇನ್ನೊಂದು ಮದುವೆಯ ಕಾಗದ ಮಾಡಿದ್ದೆ. ಸಮಯ ಉಳಿಸಲೆಂದು ಅದೇ ಫೈಲನ್ನು ತೆರೆದು ಹೆಸರು, ಸ್ಥಳ, ವಾರ ಎಲ್ಲ ಬದಲಿಸಿದ್ದೆ. ತಾರೀಕು ಮಾತ್ರ ಹಾಗೆಯೇ ಉಳಿದಿತ್ತು. ಮುದ್ರಣಕ್ಕೆ ಕಳುಹಿಸುವ ಮೊದಲು ಅವರಿಗೆ ತೋರಿಸಿದ್ದೆ ನಿಜ. ಅವರು ಹೂವಿನ ಬಾರ್ಡರ್ ನೋಡಿದರು, ಹೆಸರು ನೋಡಿದರು, “ಚಂದ ಉಂಟು” ಎಂದರು. ತಾರೀಕನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಅತಿಥಿಗಳಲ್ಲಿ ಅರ್ಧದಷ್ಟು ಜನ ಮರುದಿನ ಬಂದರೆ? ಮದುಮಗಳ ತಂದೆಯ ಮುಖ ನೋಡಲಾಗಲಿಲ್ಲ. “ನಾನೇ ಹೊಸತು ಮಾಡಿಸಿ ಕೊಡ್ತೇನೆ ಕಾಕಾ” ಎಂದೆ. ನನ್ನ ವಿನ್ಯಾಸಕ್ಕೆ ಸಿಕ್ಕಿದ್ದು ಇನ್ನೂರೈವತ್ತು ರೂಪಾಯಿ. ಮರುಮುದ್ರಣಕ್ಕೆ ಹೋದದ್ದು ಎರಡು ಸಾವಿರದ ನಾನೂರು. ಅದು ಯುಪಿಎಸ್ ಕೊಳ್ಳಲೆಂದು ಒಂದು ವರ್ಷದಿಂದ ಕೂಡಿಟ್ಟಿದ್ದ ಹಣ. ಮೊದಲೇ ಹಂಚಿದ್ದ ಮುನ್ನೂರು ಮನೆಗಳಿಗೂ ಅಣ್ಣ ಮತ್ತು ಹುಡುಗಿಯ ಸೋದರರು ಮತ್ತೊಮ್ಮೆ ಹೋಗಿ ಬಂದರು. ಮದುವೆ ಚೆನ್ನಾಗಿಯೇ ನಡೆಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಮಳೆಗಾಲ ಬಂದಾಗ ಯುಪಿಎಸ್ ಇರಲಿಲ್ಲ. ನಮ್ಮ ಕಡೆಯ ಮಳೆಗಾಲ ನಿಮಗೆ ಗೊತ್ತಲ್ಲ, ಗಾಳಿ ಬೀಸಿ ಒಂದು ಮರದ ಗೆಲ್ಲು ತಂತಿಯ ಮೇಲೆ ಬಿದ್ದರೆ ಎರಡು ದಿನ ಕರೆಂಟಿಲ್ಲ. ಒಂದು ರಾತ್ರಿ ಹನ್ನೆರಡು ಪುಟ ಸೇವ್ ಮಾಡದೆಯೇ ಹೋಯಿತು. ಒಂದು ಅಂಕಿಯ ತಪ್ಪು ಎಷ್ಟು ದೂರ ಬರುತ್ತದೆ ನೋಡಿ!

ಅಂದಿನಿಂದ ಕೆಲವು ನಿಯಮ ಮಾಡಿಕೊಂಡೆ. ಹಳೆಯ ಫೈಲಿನ ಮೇಲೆ ಹೊಸ ಕೆಲಸ ಮಾಡುವುದಿಲ್ಲ. ಚಂದದ ಬಾರ್ಡರ್ ಬೇಕಿದ್ದರೆ ಬಾರ್ಡರನ್ನು ಮಾತ್ರ ತರುತ್ತೇನೆ, ಅಕ್ಷರಗಳನ್ನು ಹೊಸದಾಗಿಯೇ ಟೈಪ್ ಮಾಡುತ್ತೇನೆ. ತಾರೀಕನ್ನೂ ವಾರವನ್ನೂ ಕ್ಯಾಲೆಂಡರ್ ಎದುರಿಗಿಟ್ಟು ಹೊಂದಿಸಿ ನೋಡುತ್ತೇನೆ. ಕರಡನ್ನು ನಾನಲ್ಲದ ಬೇರೊಬ್ಬರಿಂದ ಗಟ್ಟಿಯಾಗಿ ಓದಿಸುತ್ತೇನೆ. ಬರೆದವರ ಕಣ್ಣು ತಾನು ಬರೆಯಬೇಕೆಂದುಕೊಂಡದ್ದನ್ನೇ ಓದುತ್ತದೆ, ಬರೆದದ್ದನ್ನಲ್ಲ. ಕೊನೆಯದಾಗಿ, ಕರಡಿನ ಕೆಳಗೆ ‘ಓದಿ ನೋಡಿದ್ದೇನೆ, ಸರಿ ಇದೆ’ ಎಂದು ಗ್ರಾಹಕರ ಸಹಿ ಪಡೆಯದೆ ಮುದ್ರಣಕ್ಕೆ ಕಳುಹಿಸುವುದಿಲ್ಲ. ಸಹಿ ಕೇಳಿದಾಗ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಸಹಿ ಹಾಕಬೇಕೆಂದಾಗಲೇ ಜನ ನಿಜವಾಗಿ ಓದುವುದು!

ಎರಡನೆಯ ಪೆಟ್ಟು 2009ರಲ್ಲಿ. ಒಂದು ಸಂಸ್ಥೆಯ ಸ್ಮರಣ ಸಂಚಿಕೆ, ನೂರ ಅರುವತ್ತು ಪುಟ. ಅಷ್ಟು ದೊಡ್ಡ ಕೆಲಸ ಸಿಕ್ಕಿದ್ದು ಅದೇ ಮೊದಲು. ಎಷ್ಟು ಹಣ ಎಂದು ಕೇಳಲು ಬಾಯಿ ಬರಲಿಲ್ಲ. ಅವರು “ನೋಡಿಕೊಂಡು ಕೊಡೋಣ” ಎಂದರು, ನಾನು “ಆಗಲಿ” ಎಂದೆ. ಮೂರು ತಿಂಗಳು ಕೆಲಸ ನಡೆಯಿತು. ಒಬ್ಬರು ಒಪ್ಪಿದ ಪುಟವನ್ನು ಇನ್ನೊಬ್ಬರು ಬದಲಿಸಲು ಹೇಳುವರು. ಜಾಹೀರಾತು ಕೊಟ್ಟವರ ಫೋಟೋ ಕೊನೆಯ ದಿನ ಬರುವುದು. ಮುಖಪುಟವನ್ನೇ ಏಳು ಸಲ ಮಾಡಿದೆ. ಆಗ ನನ್ನ ಮಗು ಎಂಟು ತಿಂಗಳಿನದು. ಅದನ್ನು ಉಮ್ಮನ ಮಡಿಲಿಗೆ ಹಾಕಿ ರಾತ್ರಿಯೆಲ್ಲ ಕುಳಿತೆ. ಸಂಚಿಕೆ ಬಿಡುಗಡೆಯಾಯಿತು. ವೇದಿಕೆಯಲ್ಲಿ ಎಲ್ಲರಿಗೂ ಶಾಲು ಹೊದಿಸಿದರಂತೆ. ನನ್ನ ಹಣ ಮಾತ್ರ ಬರಲಿಲ್ಲ. ಎಂಟು ತಿಂಗಳು ಫೋನು ಮಾಡಿ ಮಾಡಿ ಕೊನೆಗೆ, ನನ್ನ ಮನಸ್ಸಿನಲ್ಲಿದ್ದ ಮೊತ್ತದ ಅರ್ಧಕ್ಕಿಂತ ಕಡಿಮೆ ಸಿಕ್ಕಿತು. “ಇಷ್ಟೇ ಅಂತ ನಾವು ಮೊದಲೇ ಅಂದುಕೊಂಡಿದ್ದೆವು” ಎಂದರು. ಅವರು ಅಂದುಕೊಂಡದ್ದು ಅವರ ಮನಸ್ಸಿನಲ್ಲಿತ್ತು, ನಾನು ಅಂದುಕೊಂಡದ್ದು ನನ್ನ ಮನಸ್ಸಿನಲ್ಲಿತ್ತು. ಕಾಗದದ ಮೇಲೆ ಏನೂ ಇರಲಿಲ್ಲ.

ಅಂದು ಅಡುಗೆಮನೆಯಲ್ಲಿ ಅಳುತ್ತಿದ್ದೆ. ಉಮ್ಮ ಒಳಗೆ ಹೋಗಿ, ಕಬ್ಬಿಣದ ಪೆಟ್ಟಿಗೆಯಿಂದ ತಮ್ಮ ಹಳೆಯ ಬೀಡಿ ಪುಸ್ತಕವೊಂದನ್ನು ತಂದು ನನ್ನ ಮುಂದಿಟ್ಟರು. ಅಂಚು ಹರಿದು, ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿದ್ದ ಪುಸ್ತಕ. “ನಿನ್ನ ಪುಸ್ತಕ ಎಲ್ಲಿ?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದ ಅನಕ್ಷರಸ್ಥ ಹೆಂಗಸಿನ ಪ್ರತಿ ಬೀಡಿಗೂ ಲೆಕ್ಕವಿತ್ತು. ಅದೇ ಜಗಲಿಯ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತ ಅವರ ಮಗಳ ನೂರ ಅರುವತ್ತು ಪುಟಗಳಿಗೆ ಲೆಕ್ಕವಿರಲಿಲ್ಲ. ನಾನು ಅದನ್ನು ದಾಕ್ಷಿಣ್ಯ, ಮರ್ಯಾದೆ ಎಂದು ತಿಳಿದಿದ್ದೆ. ಹೆಣ್ಣುಮಗಳು ಹಣದ ಮಾತು ಎತ್ತಬಾರದು ಎಂದು ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ಆದರೂ ಅದು ನನ್ನೊಳಗೆ ಹೇಗೋ ಬಂದು ಕುಳಿತಿತ್ತು. ಬರೆದಿಡುವುದು ಅಪನಂಬಿಕೆಯ ಲಕ್ಷಣವೆಂದೇ ಭಾವಿಸಿದ್ದೆ. ಕುರ್‌ಆನಿನ ಅತಿ ದೀರ್ಘವಾದ ಸೂಕ್ತ, ಅಲ್ ಬಕರ ಅಧ್ಯಾಯದ 282ನೆಯದು, ಸಾಲ ವ್ಯವಹಾರವನ್ನು ಬರೆದಿಡಬೇಕೆಂಬುದರ ಬಗ್ಗೆಯೇ ಇದೆ. ಎಷ್ಟೋ ಸಲ ಓದಿದ್ದೆ. ನನ್ನ ಕೆಲಸಕ್ಕೂ ಅದು ಸಂಬಂಧಿಸಿದ್ದೆಂದು ಹೊಳೆದಿರಲಿಲ್ಲ. ಬರೆದಿಡುವುದರಿಂದ ಸಂಬಂಧ ಕೆಡುವುದಿಲ್ಲ, ಉಳಿಯುತ್ತದೆ.

ಮರುದಿನವೇ ಪೇಟೆಯಿಂದ ಒಂದು ಉದ್ದದ ಲೆಕ್ಕದ ಪುಸ್ತಕ ತರಿಸಿದೆ. ಈಗ ಒಂಬತ್ತನೆಯ ಪುಸ್ತಕ ನಡೆಯುತ್ತಿದೆ. ಕೆಲಸ ಯಾವುದು, ಯಾವಾಗ ಒಪ್ಪಿಕೊಂಡೆ, ಎಷ್ಟು ಪುಟ, ಎಷ್ಟು ಹಣ, ಮುಂಗಡ ಎಷ್ಟು, ಎಷ್ಟು ಸಲ ತಿದ್ದುಪಡಿ, ಯಾವಾಗ ಕೊಡಬೇಕು, ಎಲ್ಲವನ್ನೂ ಬರೆದು ಓದಿ ಹೇಳುತ್ತೇನೆ. ಈಗ ಅದರ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿ, ‘ಒಪ್ಪಿಗೆ’ ಎಂಬ ಉತ್ತರ ಬಂದ ಮೇಲೆಯೇ ಕೆಲಸ ಆರಂಭ. ಅರ್ಧ ಹಣ ಮುಂಗಡ. ಎರಡು ಸಲ ತಿದ್ದುಪಡಿ ಉಚಿತ, ಮೂರನೆಯದಕ್ಕೆ ಹಣ. ಈ ನಿಯಮ ಬಂದ ಮೇಲೆ ತಿದ್ದುಪಡಿಗಳೇ ಕಡಿಮೆಯಾದವು. ಕೆಲವು ಗ್ರಾಹಕರು ಬಿಟ್ಟುಹೋದರು. ಉಳಿದವರು ಇಂದಿಗೂ ಇದ್ದಾರೆ.

ಉಚಿತವಾಗಿ ಮಾಡುವುದೇ ಇಲ್ಲವೇ? ಮಾಡುತ್ತೇನೆ. ಬಡ ಹುಡುಗಿಯ ಮದುವೆ, ಯಾರದ್ದೋ ಚಿಕಿತ್ಸೆಗೆ ನೆರವು ಕೇಳುವ ಕರಪತ್ರ, ಇವಕ್ಕೆ ಹಣ ಪಡೆಯುವುದಿಲ್ಲ. ಆದರೆ ಅದನ್ನೂ ಪುಸ್ತಕದಲ್ಲಿ ಬರೆಯುತ್ತೇನೆ. ಇಂತಿಷ್ಟು ರೂಪಾಯಿಯ ಕೆಲಸ, ನನ್ನ ಕೊಡುಗೆ ಎಂದು. ಕೊಟ್ಟದ್ದು ಬೇರೆ, ಕಿತ್ತುಕೊಂಡದ್ದು ಬೇರೆ.

‘ಇಲ್ಲ’ ಎನ್ನುವುದನ್ನೂ ಕಲಿಯಬೇಕಾಯಿತು. ವಿಧಾನಸಭೆ ಚುನಾವಣೆಯೊಂದರ ಸಮಯದಲ್ಲಿ ಒಬ್ಬರು ಎದುರಾಳಿಯ ಬಗ್ಗೆ ಹೆಸರಿಲ್ಲದ ಕರಪತ್ರ ಮಾಡಿಸಲು ಬಂದರು. ಹಣ ಹೆಚ್ಚೇ ಇತ್ತು. ಚುನಾವಣಾ ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂದು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮು ಹೇಳುತ್ತದೆ. ಪ್ರೆಸ್ಸಿನವರಿಂದ ನನಗೆ ಅದು ತಿಳಿದಿತ್ತು. ಆಗುವುದಿಲ್ಲ ಎಂದೆ. ಅಂತರ್ಜಾಲದಲ್ಲಿ ಸಿಕ್ಕಿದ ಯಾರದ್ದೋ ಚಿತ್ರವನ್ನು ಹಾಗೆಯೇ ಎತ್ತಿ ಹಾಕಲೂ ಒಪ್ಪುವುದಿಲ್ಲ. ಅದೂ ಯಾರದ್ದೋ ದುಡಿಮೆ.

ಇನ್ನು ಕೆಲಸದ ಒಳಗಿನ ಕೆಲವು ಮಾತು. ಕಲಿಯುತ್ತಿರುವ ಸಹೋದರಿಯರಿಗೆ ಉಪಯೋಗವಾದೀತು. ಪರದೆಯ ಬಣ್ಣವನ್ನು ನಂಬಬೇಡಿ. ಪರದೆಯಲ್ಲಿ ಬೆಳಕೇ ಬಣ್ಣವಾಗುತ್ತದೆ, ಮುದ್ರಣದಲ್ಲಿ ನಾಲ್ಕು ಶಾಯಿಗಳು ಸೇರಿ ಬಣ್ಣವಾಗುತ್ತವೆ. ನಮ್ಮವರು ಇಷ್ಟಪಡುವ ಹೊಳೆಯುವ ಗಿಳಿಹಸಿರು ಕಾಗದದ ಮೇಲೆ ಮಂಕಾಗುವುದು ಇದೇ ಕಾರಣಕ್ಕೆ. ಗ್ರಾಹಕರಿಗೆ ಒಂದು ಮುದ್ರಿತ ಮಾದರಿಯನ್ನು ಮೊದಲೇ ತೋರಿಸಿ. ಕತ್ತರಿಸುವಾಗ ಅಂಚು ಬಿಳಿ ಉಳಿಯದಂತೆ ಸುತ್ತ ಮೂರು ಮಿಲಿಮೀಟರ್ ಹೆಚ್ಚು ಬಣ್ಣ ಬಿಡಿ. ಫೋಟೋಗೆ ಅಚ್ಚಾಗುವ ಅಳತೆಯಲ್ಲಿ ಇಂಚಿಗೆ 300 ಚುಕ್ಕೆಗಳಿರಲಿ. ವಾಟ್ಸಾಪಿನಲ್ಲಿ ಫೋಟೋ ಕಳುಹಿಸುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ, ಇಲ್ಲದಿದ್ದರೆ ಅದು ಕುಗ್ಗಿ ಬರುತ್ತದೆ.

ಅಕ್ಷರಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನುಡಿಯ ಹಳೆಯ ಫಾಂಟುಗಳಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಯುನಿಕೋಡ್ ಕನ್ನಡವನ್ನು ಹಳೆಯ ತಂತ್ರಾಂಶಗಳಿಗೆ ಹಾಕಿದರೆ ಒತ್ತಕ್ಷರಗಳು ಒಡೆದುಹೋಗುತ್ತವೆ. ಅರಬಿಯ ಕಥೆ ಇನ್ನೂ ಗಂಭೀರ. ಅರಬಿಯನ್ನು ಅರಿಯದ ತಂತ್ರಾಂಶದಲ್ಲಿ ಅಕ್ಷರಗಳು ಒಂದಕ್ಕೊಂದು ಕೂಡಿಕೊಳ್ಳದೆ, ಎಡದಿಂದ ಬಲಕ್ಕೆ ತಿರುಗಿ ಬೀಳುತ್ತವೆ. ನೋಡಿದವರಿಗೆ ಅರಬಿಯ ಹಾಗೇ ಕಾಣುತ್ತದೆ, ಓದಲು ಬರುವವರಿಗೆ ಮಾತ್ರ ಗೊತ್ತಾಗುತ್ತದೆ. ಬಿಸ್ಮಿಲ್ಲಾಹ್ ತಲೆಕೆಳಗಾದ ಕಾಗದವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಮುದ್ರಣಕ್ಕೆ ಕಳುಹಿಸುವ ಮೊದಲು ಅಕ್ಷರಗಳನ್ನು ‘ಕರ್ವ್’ ಆಗಿ ಪರಿವರ್ತಿಸಿ ಪಿಡಿಎಫ್ ಮಾಡಿ, ಅರಬಿ ಬಲ್ಲವರಿಗೆ ತೋರಿಸಿಯೇ ಮುಂದುವರಿಯಿರಿ. ಮದುವೆ ಮುಗಿದ ಮೇಲೆ ಕಾಗದ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೆನೆದು, ಪವಿತ್ರ ವಚನಗಳನ್ನು ಅದರಲ್ಲಿ ಹಾಕುವ ಮೊದಲು ಮನೆಯವರೊಡನೆ ಒಂದು ಮಾತು ಆಡುವುದೂ ಒಳ್ಳೆಯದು.

ಮನೆಯೇ ಕಚೇರಿಯಾದಾಗ ಸಮಯಕ್ಕೂ ಬೇಲಿ ಬೇಕು. ಮೊದಲು ಅಡುಗೆಯ ನಡುವೆ ಕೆಲಸ, ಕೆಲಸದ ನಡುವೆ ಅಡುಗೆ ಎಂದು ಎರಡೂ ಕೆಡುತ್ತಿದ್ದವು. ಈಗ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಕೋಣೆಯ ಬಾಗಿಲು ಮುಚ್ಚಿರುತ್ತದೆ. ಬೆಂಕಿ ಬಿದ್ದರೆ ಮಾತ್ರ ಬಾಗಿಲು ಬಡಿಯಿರಿ ಎಂದು ಮಕ್ಕಳಿಗೆ ಹೇಳಿದ್ದೇನೆ. ಪತಿ ಮೊದಲು ನಕ್ಕರು. ಈಗ ಬಂದವರಿಗೆ ಅವರೇ “ಅವಳು ಕೆಲಸದಲ್ಲಿದ್ದಾಳೆ” ಎಂದು ಹೇಳುತ್ತಾರೆ. ‘ಮನೆಯಲ್ಲಿದ್ದಾಳೆ’ ಎಂಬುದು ‘ಕೆಲಸದಲ್ಲಿದ್ದಾಳೆ’ ಆಗಲು ನಮ್ಮ ಮನೆಯಲ್ಲಿ ಆರು ವರ್ಷ ಬೇಕಾಯಿತು.

ನಮ್ಮಂಥವರಿಗೆ ಈಗ ಕಾನೂನಿನ ಆಸರೆಯೂ ಸ್ವಲ್ಪ ಇದೆ. 2020ರ ಜುಲೈಯಿಂದ ‘ಉದ್ಯಮ್’ ನೋಂದಣಿ ಬಂದಿದೆ. ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಕುಳಿತು ಉಚಿತವಾಗಿ ಮಾಡಿಕೊಳ್ಳಬಹುದು. ಹಾಗೆ ನೋಂದಾಯಿಸಿಕೊಂಡ ಕಿರು ಉದ್ಯಮದಿಂದ ಕೆಲಸ ಮಾಡಿಸಿಕೊಂಡ ಸಂಸ್ಥೆಗಳು, ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಡವಾದರೆ ಬಡ್ಡಿಯನ್ನೂ ಕೊಡಬೇಕು. ಆದರೆ ಕೆಲಸ ಕೊಟ್ಟದ್ದಕ್ಕೆ, ಒಪ್ಪಿಸಿದ್ದಕ್ಕೆ ದಾಖಲೆ ನಿಮ್ಮಲ್ಲಿರಬೇಕು. ಮತ್ತೆ ಮಾತು ಪುಸ್ತಕಕ್ಕೇ ಬಂತು!

ಈಗ ಕಾಲ ಬದಲಾಗಿದೆ. ಮೊಬೈಲಿನಲ್ಲೇ ಮಕ್ಕಳು ಆಮಂತ್ರಣ ಮಾಡಿಕೊಳ್ಳುತ್ತಾರೆ. ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಚಿತ್ರ ಬಿಡಿಸುತ್ತದೆ. ಮದುವೆ ಕಾಗದದ ಕೆಲಸ ನನಗೆ ಮೊದಲಿನಷ್ಟು ಇಲ್ಲ. ಭಯವಾಗುವುದಿಲ್ಲವೇ ಎಂದರೆ, ಆಗುತ್ತದೆ. ಆದರೆ ಆ ಚಿತ್ರಗಳಲ್ಲಿ ಕನ್ನಡ ಅಕ್ಷರ ಎಷ್ಟೋ ಸಲ ತಪ್ಪಾಗಿರುತ್ತದೆ. ತಾರೀಕು, ವಾರ ಹೊಂದುತ್ತದೆಯೇ ಎಂದು ಕೂತು ನೋಡುವ ಮನುಷ್ಯರು ಈಗಲೂ ಬೇಕು. ಪುಸ್ತಕದ ಪುಟವಿನ್ಯಾಸ, ಅಡಿಕೆ, ಜೇನು, ಉಪ್ಪಿನಕಾಯಿ ಮಾರುವ ಹೆಂಗಸರ ಸಂಘಗಳ ಲೇಬಲ್ಲು, ಇಂಥ ಕೆಲಸಗಳು ಹೆಚ್ಚಾಗಿವೆ.

ಕಳೆದ ತಿಂಗಳು ನೆರೆಯ ಹುಡುಗಿಯೊಬ್ಬಳು ಕೆಲಸ ಕಲಿಸಿಕೊಡಿ ಎಂದು ಬಂದಳು. ಲ್ಯಾಪ್‌ಟಾಪ್ ತಂದಿದ್ದಳು. ನನಗಿಂತ ಚುರುಕಾಗಿ ಎಲ್ಲವನ್ನೂ ಮಾಡುತ್ತಾಳೆ. ಏನು ಕಲಿಸಲಿ ಎಂದು ನಾನು ಯೋಚಿಸುತ್ತಿರುವಾಗ, ಮೂಲೆಯ ಕುರ್ಚಿಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ಉಮ್ಮ ಅವಳನ್ನು ಕೇಳಿದರು:

“ಪುಸ್ತಕ ತಂದಿದ್ದೀಯಾ ಮಗಳೇ?”